ಕಿರುಬೆರಳಿಗೆ ಜಾಗ

ಯಾದಗಿರಿ. ಬೆಳಗಿನ ಆರೂವರೆ. ಎಳ್ಳಮಾವಾಸ್ಯೆ ಮುಗಿದು ನಾಲ್ಕು ದಿನವಾಗಿದೆ. ನಾಲಿಗೆಯ ಮೇಲೆ ಇನ್ನೂ ಭಜ್ಜಿಯ ರುಚಿ, ಗಾಳಿಯಲ್ಲಿ ಒಣಚಳಿ. ಸ್ಟೇಷನ್ ಕಡೆ ಗಾಡಿಯೊಂದು ಉದ್ದಕ್ಕೆ ಸೀಟಿ ಹಾಕಿ ಹೋಗುತ್ತದೆ. ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು ಬಲಗಾಲನ್ನು ಬೂಟಿಗೆ ಇಳಿಸುತ್ತಿದ್ದೇನೆ.

ಇಳಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹಿಮ್ಮಡಿ. ಬೂಟಿನ ಹಿಂಭಾಗವನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಹಿಮ್ಮಡಿ ತನ್ನ ಗೂಡಿನಲ್ಲಿ ಕೂರುತ್ತದೆ. ಆಮೇಲೆ ಪಾದದ ಬೆನ್ನಿನ ಮೇಲಿನ ಪಟ್ಟಿ, ಬಿಗಿಯಾಗಿ. ಕಡೆಗೆ ಬೆರಳ ಕಡೆಯ ಪಟ್ಟಿ, ಬರೀ ತಾಗುವಷ್ಟು. ಈಗ ಒಳಗೇ ಬೆರಳುಗಳನ್ನು ಅಗಲಿಸಿ ನೋಡುತ್ತೇನೆ. ಹೆಬ್ಬೆರಳು ಆಡುತ್ತದೆ. ನಡುವಿನ ಮೂರೂ ಆಡುತ್ತವೆ. ಕಿರುಬೆರಳೂ ಆಡುತ್ತದೆ, ಆದರೆ ಅದರ ಬುಡದ ಗಂಟು ಬೂಟಿನ ಗೋಡೆಗೆ ಒಂದು ಕಡೆ ತಾಗುತ್ತಿದೆ. ಕಡಲೆಕಾಳಿನಷ್ಟು ಜಾಗ, ಅಷ್ಟೇ. ಆದರೆ ಇಲ್ಲಿಂದ ಸುರಪುರಕ್ಕೆ ಸುಮಾರು 60 ಕಿಲೋಮೀಟರ್. ಕಡಲೆಕಾಳಿನಷ್ಟು ಒತ್ತಡ ಮೂವತ್ತನೇ ಕಿಲೋಮೀಟರಿಗೆ ಕೆಂಡವಾಗುತ್ತದೆಂದು ಈ ಕಾಲಿಗೆ ಗೊತ್ತು.

ಆದರೂ ಹೊರಡುತ್ತೇನೆ. ಸುರಪುರದಲ್ಲಿ ಅಪ್ಪ ಕಾಯುತ್ತಿರುತ್ತಾನೆ.

ಓಣಿಯಲ್ಲಿ ಸೈಕಲ್ ನಡೆಸಿಕೊಂಡು ಬಂದು, ಮುಖ್ಯರಸ್ತೆಯಲ್ಲಿ ಸೀಟಿನ ಮೇಲೆ ಕೂತು, ಬಲ ಪೆಡಲ್ ಮೇಲೆ ಪಾದ ಇಟ್ಟು ಒತ್ತುತ್ತೇನೆ. ಟಕ್. ಬೂಟಿನ ಅಡಿಯ ಕ್ಲೀಟ್ ಪೆಡಲ್‌ನೊಳಗೆ ಸಿಕ್ಕಿತು. ಎರಡು ತುಳಿತ, ಎಡಗಾಲು, ಟಕ್. ಈಗ ಕಾಲು ಮತ್ತು ಸೈಕಲ್ ಒಂದೇ ವಸ್ತು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ಕ್ಲಿಪ್‌ಲೆಸ್ ಎನ್ನುತ್ತಾರೆ. ಹಿಂದೆ ಪಂದ್ಯದ ಸೈಕಲ್ಲುಗಳಿಗೆ ಪೆಡಲ್ ಮುಂದೆ ಲೋಹದ ಪಂಜರ ಇರುತ್ತಿತ್ತು. ಬೆರಳುಗಳನ್ನು ಅದರೊಳಗೆ ತೂರಿಸಿ ಚರ್ಮದ ಪಟ್ಟಿ ಬಿಗಿಯಬೇಕಿತ್ತು. ಆ ಪಂಜರಕ್ಕೆ ಕ್ಲಿಪ್ ಎಂಬ ಹೆಸರು. ಹಿಮದ ಮೇಲೆ ಜಾರುವ ಸ್ಕೀ ಬೂಟುಗಳಿಗೆ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಪೆಡಲ್‌ಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನೋ ಅವೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದ. ಪಂಜರ ಹೋಯಿತು, ಕ್ಲಿಪ್ ಇಲ್ಲದ್ದು ಎಂಬ ಹೆಸರು ಉಳಿಯಿತು. 1990ರಲ್ಲಿ ಜಪಾನಿನ ಶಿಮಾನೋ ಎರಡು ಬೋಲ್ಟಿನ ಸಣ್ಣ ಕ್ಲೀಟ್ ತಂದಿತು. ಅದು ಅಟ್ಟೆಯ ಗುಳಿಯಲ್ಲಿ ಅಡಗಿ ಕೂರುತ್ತದೆ, ಹಾಗಾಗಿ ಬೂಟು ಹಾಕಿಕೊಂಡೇ ನಡೆಯಬಹುದು. ನನ್ನದು ಅದೇ ಬಗೆ. ದನ ಅಡ್ಡ ಬಂದಲ್ಲಿ ಇಳಿಯಬೇಕು, ಚಹಾದ ಅಂಗಡಿಗೆ ನಡೆದು ಹೋಗಬೇಕು. ನಮ್ಮ ರಸ್ತೆಗೆ ಇದೇ ಸರಿ.

ಭೀಮಾ ಸೇತುವೆ. ಹೊಳೆಯ ಮೇಲೆ ಮಂಜು ಹಾಸಿದೆ. ಕೆಳಗೆ ಬಂಡೆಗಳ ನಡುವೆ ನೀರು ಸದ್ದಿಲ್ಲದೆ ಹರಿಯುತ್ತಿದೆ. ಹಿಂದೆ ತಿರುಗಿದರೆ ಯಾದಗಿರಿಯ ಕೋಟೆಯ ಗುಡ್ಡ ಬೂದಿ ಬಣ್ಣದಲ್ಲಿ ನಿಂತಿದೆ. ಸೇತುವೆ ದಾಟುತ್ತಲೇ ಎರಡೂ ಕಡೆ ಎರೆಹೊಲ. ತೊಗರಿ ಕಾಯಿ ಕಟ್ಟಿ ಬಾಗಿದೆ, ಹತ್ತಿ ಒಡೆದು ಬೆಳ್ಳಗಾಗಿದೆ. ಸೂರ್ಯ ಬೆನ್ನಿಗಿದ್ದಾನೆ, ನನ್ನ ನೆರಳು ಸೈಕಲ್ಲಿಗಿಂತ ಇಪ್ಪತ್ತು ಮಾರು ಮುಂದೆ ಓಡುತ್ತಿದೆ.

ಕಾಲು ಇನ್ನೂ ಸುಮ್ಮನಿದೆ. ಈ ಸಮಾಧಾನಕ್ಕೆ ಎರಡು ವರ್ಷ ಹಿಡಿಯಿತು.

ಮೊದಲ ಜೋಡಿ ಕೊಂಡಾಗ ನಾನು ಮಾಡಿದ್ದು ಅಗಲ ಪಾದದವರೆಲ್ಲ ಮಾಡುವ ತಪ್ಪು. ನನ್ನ ಉದ್ದಕ್ಕೆ 42 ಸರಿ. 42 ಹಾಕಿದರೆ ಮುಂಪಾದ ಇಕ್ಕಳದಲ್ಲಿ ಸಿಕ್ಕಂತಾಗುತ್ತಿತ್ತು. ಅಂಗಡಿಯವರು 43 ಕೊಟ್ಟರು, ಆಮೇಲೆ 44. 44 ಹಾಕಿದಾಗ ಅಗಲ ಹೇಗೋ ಸಾಕಾಯಿತು, ತಂದುಬಿಟ್ಟೆ. ಅಗಲ ಬೇಕಾದವನು ಉದ್ದ ಕೊಂಡು ಬಂದಿದ್ದೆ. ಬೂಟಿನ ಮೂತಿಯಲ್ಲಿ ಹೆಬ್ಬೆಟ್ಟಿನಷ್ಟು ಖಾಲಿ ಜಾಗ. ಏರಿನಲ್ಲಿ ಹಿಮ್ಮಡಿ ಗೂಡು ಬಿಟ್ಟು ಏಳುತ್ತಿತ್ತು. ಕ್ಲೀಟ್ ಇರಬೇಕಾದದ್ದು ಹೆಬ್ಬೆರಳ ಬುಡದ ಗಂಟಿಗೂ ಕಿರುಬೆರಳ ಬುಡದ ಗಂಟಿಗೂ ನಡುವೆ. ಬೂಟು ಉದ್ದವಾದ ಕೂಡಲೇ ಅದು ಮುಂದಕ್ಕೆ ಸರಿದು ಬೆರಳುಗಳ ಅಡಿಗೇ ಬಂತು. ಮೀನಖಂಡ ಹಿಡಿದುಕೊಳ್ಳತೊಡಗಿತು. ಇಷ್ಟಾಗಿಯೂ ಇಪ್ಪತ್ತೈದು ಕಿಲೋಮೀಟರಿಗೆ ಕಡೆಯ ಎರಡು ಬೆರಳು ಜೋಮು ಹಿಡಿಯುತ್ತಿದ್ದವು. ಬೆರಳಿನ ಎಲುಬುಗಳ ಸಂದಿಯಲ್ಲಿ ನರಗಳು ಹಾಯುತ್ತವೆ. ಎರಡು ಕಡೆಯಿಂದ ಅಮುಕಿದರೆ ಎಲುಬುಗಳು ಒಂದಕ್ಕೊಂದು ಒತ್ತಿ ನರವನ್ನು ಹಿಂಡುತ್ತವೆ. ಮೊದಲು ಚುಮುಚುಮು, ಆಮೇಲೆ ಉರಿ, ಆಮೇಲೆ ಬೆರಳು ಇದೆಯೋ ಇಲ್ಲವೋ ತಿಳಿಯದ ಹಾಗೆ. ಒಂದು ಸಲ ದೋರನಹಳ್ಳಿಯ ಹತ್ತಿರ ಇಳಿದು, ಬೂಟು ಕಳಚಿ, ಬರಿಗಾಲನ್ನು ರಸ್ತೆ ಬದಿಯ ಮಣ್ಣಿನ ಮೇಲೆ ಊರಿ ಹತ್ತು ನಿಮಿಷ ನಿಂತಿದ್ದೆ. ಮಣ್ಣಿನ ತಂಪು ಬೆರಳಿಗೆ ಮುಟ್ಟಲು ಅಷ್ಟು ಹೊತ್ತು ಬೇಕಾಯಿತು.

ನಾಯ್ಕಲ್ ಹಿಂದಾಯಿತು. ಹೊಲದಲ್ಲಿ ಹತ್ತಿ ಬಿಡಿಸಲು ಹೆಣ್ಣುಮಕ್ಕಳು ಸಾಲಾಗಿ ಇಳಿಯುತ್ತಿದ್ದಾರೆ. ಚಪ್ಪಲಿಗಳನ್ನು ಬದುವಿನ ಮೇಲೆ ಜೋಡಿಸಿ ಬರಿಗಾಲಲ್ಲಿ ನಡೆದಿದ್ದಾರೆ. ಎರೆಮಣ್ಣು ಇಬ್ಬನಿಗೆ ನೆನೆದು ಮೆತ್ತಗಿದೆ. ಒಬ್ಬ ಅವ್ವನ ಪಾದ ನೆಲಕ್ಕೆ ಇಳಿಯುವುದನ್ನು ಸೈಕಲ್ಲಿನಿಂದಲೇ ನೋಡುತ್ತೇನೆ. ಹಿಮ್ಮಡಿ ಊರುತ್ತದೆ, ಪಾದ ಚಪ್ಪಟೆಯಾಗುತ್ತದೆ, ಐದೂ ಬೆರಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಮಣ್ಣನ್ನು ಹಿಡಿಯುತ್ತವೆ. ನನ್ನ ಪಾದ ಬೆಳೆದದ್ದೂ ಹೀಗೆಯೇ. ಹತ್ತನೇ ವಯಸ್ಸಿನವರೆಗೆ ಅದಕ್ಕೆ ಚಪ್ಪಲಿಯ ಪರಿಚಯ ಇರಲಿಲ್ಲ.

ನನ್ನ ಕಾಲಿನಲ್ಲೇ ಏನೋ ಐಬು ಇದೆ ಎಂದು ನಾನು ತುಂಬ ದಿನ ನಂಬಿದ್ದೆ. ಆ ನಂಬಿಕೆ ಸಡಿಲಾದದ್ದು ಓದಿನಿಂದ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು, ರಾವ್ ಮತ್ತು ಜೋಸೆಫ್, 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ. ಬರಿಗಾಲ ಮಕ್ಕಳಲ್ಲಿ 2.8 ಮಾತ್ರ. ಮುಂದೆ 2009ರಲ್ಲಿ ಬೆಲ್ಜಿಯಂನ ಡಾವೂ ಮತ್ತು ಸಂಗಡಿಗರು ದಕ್ಷಿಣ ಭಾರತದ ಬರಿಗಾಲ ಜನರ ಪಾದಗಳನ್ನು ಬೂಟು ಹಾಕುವವರ ಪಾದಗಳೊಂದಿಗೆ ಹೋಲಿಸಿದರು. ಬರಿಗಾಲಿನವರ ಪಾದ ಅಗಲ, ಮತ್ತು ನಡೆಯುವಾಗ ಭಾರ ಇಡೀ ಪಾದಕ್ಕೆ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ ಎಂದು ಕಂಡುಕೊಂಡರು. ಅಂದರೆ ನಾನು ಐಬು ಎಂದುಕೊಂಡದ್ದು ಎರೆಹೊಲ ನನಗೆ ಕೊಟ್ಟ ಬಲ.

ಹಾಗಿದ್ದರೆ ಬೂಟು ಯಾಕೆ ಹಿಡಿಸುವುದಿಲ್ಲ? ಯಾಕೆಂದರೆ ಬೂಟು ಹುಟ್ಟುವುದು ಅಚ್ಚಿನ ಮೇಲೆ. ಅಚ್ಚು ಯಾರ ಪಾದದ್ದೋ ಬೂಟು ಅವರದು. ನಾವು ಇವತ್ತಿಗೂ ಕೇಳುವ ಆರು, ಏಳು, ಎಂಟು ನಂಬರುಗಳು ಬ್ರಿಟಿಷರು ಬಿಟ್ಟುಹೋದವು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದಗಳನ್ನು 3ಡಿ ಯಂತ್ರದಿಂದ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅಲ್ಲಿ ಸಿಕ್ಕ ಉತ್ತರ. ಅದರ ಮೇಲೆ ನಮ್ಮದೇ ಅಳತೆಯ ಕ್ರಮವೊಂದನ್ನು ಸಂಸ್ಥೆ ಸೂಚಿಸಿತು, ಹೆಸರು 'ಭಾ'. ಭಾರತದ ಭಾ. ಆ ಸುದ್ದಿ ಓದಿದ ದಿನ ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಮೇಜಿನ ಕೆಳಗೆ ಬೂಟು ಕಳಚಿ ಬೆರಳುಗಳನ್ನು ಬಿಚ್ಚಿಕೊಂಡೆ.

ಅದೇ ಸಂಜೆ ಮನೆಗೆ ಬಂದು ಡ್ರಾಯಿಂಗ್ ಶೀಟನ್ನು ನೆಲಕ್ಕೆ ಹಾಸಿದೆ. ಸಂಜೆಯೇ ಅಳೆಯಬೇಕು, ದಿನವಿಡೀ ನಿಂತ ಪಾದ ಸ್ವಲ್ಪ ಊದಿರುತ್ತದೆ, ಸೈಕಲ್ ಮೇಲೆ ಬಿಸಿಲಲ್ಲೂ ಹಾಗೇ ಊದುತ್ತದೆ. ಕೂತು ಅಳೆಯಬಾರದು, ಭಾರ ಬಿಟ್ಟು ನಿಲ್ಲಬೇಕು. ಪೆನ್ಸಿಲನ್ನು ನೆಟ್ಟಗೆ ಹಿಡಿದು ಹೆಂಡತಿ ಪಾದದ ಸುತ್ತ ಗೆರೆ ಎಳೆದಳು. ಉದ್ದ 26.2 ಸೆಂಟಿಮೀಟರ್. ಅಗಲ, ಎರಡು ಗಂಟುಗಳ ನಡುವೆ, 10.9. ಎಡಗಾಲು ಇನ್ನೂ ಎರಡು ಮಿಲಿಮೀಟರ್ ಅಗಲ. ದೊಡ್ಡ ಕಾಲಿನ ಅಳತೆಯನ್ನೇ ಹಿಡಿಯಬೇಕು.

ಅಳತೆ ಕೈಗೆ ಬಂದ ಮೇಲೆ ದಾರಿ ಕಂಡಿತು. ಬೂಟಿನ ಅಗಲಕ್ಕೆ ಅಕ್ಷರಗಳಿವೆ: ಗಂಡಸರ ಸಾಧಾರಣ ಅಗಲ ಡಿ, ಅದರ ಮೇಲೆ ಇ, ಡಬಲ್ ಇ, ಮತ್ತೂ ಮೇಲೆ. ಶಿಮಾನೋ ತನ್ನ ಕೆಲವು ಬೂಟುಗಳನ್ನು ಅದೇ ಉದ್ದದಲ್ಲಿ ವೈಡ್ ಎಂದೂ ಮಾಡುತ್ತದೆ. ಇಟಲಿಯ ಸಿಡಿ ಕಂಪನಿ ಇದಕ್ಕೆ ಮೆಗಾ ಎನ್ನುತ್ತದೆ. ಲೇಕ್ ಕಂಪನಿಯಲ್ಲೂ ಅಗಲದ ಅಚ್ಚುಗಳಿವೆ. ಬಾಂಟ್ ಬೂಟನ್ನು ಓವನ್ನಿನಲ್ಲಿ ಬೆಚ್ಚಗೆ ಮಾಡಿ ಕಾಲಿಗೆ ಒತ್ತಿ ಆಕಾರ ಕೊಡಬಹುದು. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಯೂ ಸುಲಭ: ಬೂಟಿನೊಳಗಿನ ಮೆತ್ತೆಯನ್ನು ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲುವುದು. ಪಾದ ಮೆತ್ತೆಯ ಅಂಚಿನೊಳಗೇ ಇದ್ದರೆ ಸರಿ. ಬೆರಳು ಅಂಚು ದಾಟಿ ನೆಲ ಮುಟ್ಟಿದರೆ ಆ ಬೂಟು ನಮ್ಮದಲ್ಲ, ಬೆಲೆ ಎಷ್ಟೇ ಇಳಿದಿರಲಿ. ಹಳೆಯ 44ರ ಮೆತ್ತೆಯ ಮೇಲೆ ನಿಂತಾಗ ನನ್ನ ಕಿರುಬೆರಳು ಪೂರ್ತಿ ನೆಲದ ಮೇಲಿತ್ತು.

ಈಗ ಕಾಲಲ್ಲಿರುವುದು 42, ವೈಡ್. ಹೈದರಾಬಾದಿಗೆ ಎರಡು ಸಲ ಹೋಗಿ ತಂದದ್ದು.

ದೋರನಹಳ್ಳಿ ದಾಟುವಾಗ ಆ ಗಂಟು ಎಚ್ಚರವಾಯಿತು. ಮೊದಲು ಬಿಸಿ. ಪಟ್ಟಿ ಸಡಿಲಿಸಿದೆ, ಐದು ನಿಮಿಷ ತಣ್ಣಗಾಯಿತು, ಮತ್ತೆ ಬಿಸಿ. ಆದರೆ ಈ ಸಲ ಬೆರಳು ಜೋಮು ಹಿಡಿದಿಲ್ಲ, ಉರಿ ಒಂದೇ ಚುಕ್ಕೆಯಲ್ಲಿದೆ. ಇಡೀ ಬೂಟು ಇಕ್ಕಟ್ಟಾದರೆ ಅದಕ್ಕೆ ಮದ್ದಿಲ್ಲ. ಒಂದು ಚುಕ್ಕೆಗೆ ಮದ್ದಿದೆ.

ಶಹಾಪುರ, ಒಂಬತ್ತು ಗಂಟೆ. ಬಸ್ ಸ್ಟ್ಯಾಂಡ್ ಹತ್ತಿರ ಮಿರ್ಚಿ ಭಜಿಯ ಎಣ್ಣೆ ಕಾದಿದೆ, ಸುಸಲಾದ ಗುಡ್ಡೆಯ ಮೇಲೆ ಹಬೆ. ಪಕ್ಕದಲ್ಲಿ ಕೊಡೆ ನೆಟ್ಟುಕೊಂಡು ಚಪ್ಪಲಿ ಹೊಲಿಯುವ ಕಾಕಾ ಈಗಷ್ಟೇ ಪೆಟ್ಟಿಗೆ ತೆರೆದಿದ್ದಾನೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಹರಳಯ್ಯನ ಪಟ ಅಂಟಿಸಿದೆ, ಊದಿನಕಡ್ಡಿಯ ಹೊಗೆ ಅದರ ಮುಂದೆ ಸುಳಿಯುತ್ತಿದೆ. ಆರಿ, ರಂಪಿಗೆ, ಮೇಣ ಹಚ್ಚಿದ ದಾರ, ಕಬ್ಬಿಣದ ಪಾದ, ಎಲ್ಲ ಅದರದರ ಜಾಗದಲ್ಲಿ. ನಾನು ಒಂದು ಬೂಟು ಕಳಚಿ ಮುಂದೆ ಹಿಡಿಯುತ್ತೇನೆ.

"ಏನಾಗ್ಯದ್ರಿ ಸರ್, ಹರದದೇನು?"

"ಹರದಿಲ್ಲ ಕಾಕಾ. ಇಲ್ಲಿ ಒತ್ತಲಕತ್ತದ."

"ಕುಂದರ್ರಿ. ಕಾಲ ತೋರ್ಸ್ರಿ. ಬೂಟ ಆಮ್ಯಾಲ ನೋಡೂನು."

ಎರಡು ವರ್ಷದಲ್ಲಿ ಎಷ್ಟೋ ಅಂಗಡಿ ಹತ್ತಿ ಇಳಿದಿದ್ದೇನೆ. ಎಲ್ಲರೂ ನಂಬರ್ ಕೇಳಿದರು. ಮೊದಲು ಕಾಲು ತೋರಿಸು ಎಂದವನು ಇವನೊಬ್ಬನೇ. ಕಾಲುಚೀಲ ಕಳಚುತ್ತೇನೆ. ಕಾಕಾ ಪಾದವನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಹೆಬ್ಬೆಟ್ಟಿನಿಂದ ಅಂಚು ಹಿಡಿದು ಸವರುತ್ತ ಬರುತ್ತಾನೆ. ಕಿರುಬೆರಳ ಬುಡದಲ್ಲಿ ಬೆರಳು ನಿಲ್ಲುತ್ತದೆ. ಅಲ್ಲಿ ಕೆಂಪಾಗಿದೆ.

"ಕಾಲಿಗಿ ಏನೂ ಆಗಿಲ್ರಿ. ಹೊಲದ ಕಾಲು, ಗಟ್ಟಿ ಅದ."

ಆಮೇಲೆ ಬೂಟಿನೊಳಗೆ ಕೈ ಇಳಿಸುತ್ತಾನೆ. ಕಣ್ಣು ರಸ್ತೆಯ ಮೇಲಿದೆ, ನೋಡುತ್ತಿರುವುದು ಬೆರಳ ತುದಿ. ಒಳಗಿನ ಅಸ್ತರಿನ ಹೊಲಿಗೆಯೊಂದು ಸರಿಯಾಗಿ ಆ ಗಂಟಿಗೇ ಬಂದು ಕೂತಿದೆ. ಎರಡು ಪದರು ಕೂಡಿ ಅಲ್ಲಿ ದಿಂಡಾಗಿದೆ. ಹೊರಗಿನಿಂದ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುತ್ತಾನೆ. ಮೆತ್ತೆ ಹೊರಗೆ ತೆಗೆಸಿ ನಿಲ್ಲಿಸುತ್ತಾನೆ. ಪಾದ ಮೆತ್ತೆಯೊಳಗೇ ಇದೆ. ತಲೆ ಆಡಿಸುತ್ತಾನೆ.

"ಬೂಟ ನಿಮ್ದೇ ಅದ. ಹೊಲಿಗಿ ಅಷ್ಟ ನಿಮ್ದಲ್ಲ. ಇದು ಚರ್ಮ ಅಲ್ರಿ, ಜಗ್ಗಿದ್ರ ಬರಂಗಿಲ್ಲ. ಒಂದ್ ತಾಸು ಬಿಡ್ರಿ."

ಒದ್ದೆ ಬಟ್ಟೆ ಇಟ್ಟು, ಹೊಲಿಗೆಯ ದಿಂಡನ್ನು ಕಬ್ಬಿಣದ ಪಾದದ ಮೇಲೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ಬಡಿದು ಚಪ್ಪಟೆ ಮಾಡುತ್ತಾನೆ. ಒಂದೊಂದು ಏಟಿಗೂ ಬೆರಳಿಟ್ಟು ನೋಡುತ್ತಾನೆ. ಆಮೇಲೆ ಉರುಟಾದ ಮರದ ತುಂಡೊಂದನ್ನು ಆ ಜಾಗಕ್ಕೇ ಬರುವಂತೆ ಒಳಗೆ ತುರುಕಿ, ಬಟ್ಟೆಯ ಚೂರುಗಳಿಂದ ಬಿಗಿಮಾಡಿ ಬಿಸಿಲಿಗೆ ಇಡುತ್ತಾನೆ. ತನ್ನದೊಂದು ಚಪ್ಪಲಿಯ ಜೋಡಿ ನನ್ನ ಕಡೆ ಸರಿಸುತ್ತಾನೆ. ಅಗಲದ ಅಟ್ಟೆ, ಎರಡೂ ಕಡೆ ತೆರೆದ ಚರ್ಮದ ಚಪ್ಪಲಿ. ಪಾದ ಅದರ ಮೇಲೆ ಹೇಗೆ ಬೇಕೋ ಹಾಗೆ ಹರಡಿಕೊಳ್ಳುತ್ತದೆ. ನಮ್ಮ ಕಡೆಯ ಚಪ್ಪಲಿ ಮಾಡುವವರು ಬೆರಳನ್ನು ಯಾವತ್ತೂ ಗೋಡೆಯೊಳಗೆ ಕೂಡಲಿಲ್ಲ.

ಆ ಚಪ್ಪಲಿ ಮೆಟ್ಟಿಕೊಂಡು ಭೀಮರಾಯನಗುಡಿಯ ರಸ್ತೆ ಹಿಡಿದು ಸ್ವಲ್ಪ ದೂರ ನಡೆಯುತ್ತೇನೆ. ಅಲ್ಲಿಂದ ನೋಡಿದರೆ ಬಂಡೆಯ ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡು ಮಲಗಿದ ಬುದ್ಧನಾಗುತ್ತವೆ. ಹಣೆ, ಮೂಗು, ಗದ್ದ, ಎದೆ, ಆಮೇಲೆ ಉದ್ದಕ್ಕೆ ಚಾಚಿದ ಮೈ. ಇಲ್ಲಿಂದ ಉತ್ತರಕ್ಕೆ, ಭೀಮೆಯ ದಂಡೆಯ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ, ಸ್ತೂಪದ ಅವಶೇಷಗಳ ನಡುವೆ ಕಲ್ಲಿನಲ್ಲಿ ಕೊರೆದ ಬುದ್ಧಪಾದಗಳು ಸಿಕ್ಕಿವೆ. ಪಾದವನ್ನು ಕಲ್ಲಿನಲ್ಲಿ ಕೊರೆದು ಕೈಮುಗಿದ ನೆಲ ಇದು. ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರೆಂಬ ಕಥೆಯೂ ಈ ಸೀಮೆಯದೇ. ಮೊಣಕಾಲ ಮೇಲೆ ಇನ್ನೊಬ್ಬರ ಪಾದ ಇಟ್ಟುಕೊಂಡು ಸವರಿ ನೋಡಿದ ಆ ಹೆಬ್ಬೆಟ್ಟು ಇವತ್ತು ನನಗೆ ಆ ಕಥೆಯನ್ನು ಹತ್ತಿರ ತಂದಿತು.

ತಿರುಗಿ ಬಂದಾಗ ಬೂಟು ಸಿದ್ಧ. ಹಾಕಿ ನಿಲ್ಲುತ್ತೇನೆ. ಕಿರುಬೆರಳನ್ನು ಹೊರಕ್ಕೆ ಚಾಚುತ್ತೇನೆ. ಗಂಟು ಏನನ್ನೂ ಮುಟ್ಟುತ್ತಿಲ್ಲ.

"ಎಷ್ಟ್ ಕೊಡ್ಲಿ ಕಾಕಾ?"

"ಐವತ್ತ ಕೊಡ್ರಿ. ಬರೂ ವಾರ ಮತ್ತ ತೋರ್ಸ್ಕೊಂಡ್ ಹೋಗ್ರಿ. ಹೊಲಿಗಿ ಮತ್ತ ಏಳ್ತದ."

ಹತ್ತಿಗೂಡೂರಿನ ಕಡೆ ರಸ್ತೆ ತೆರೆದುಕೊಳ್ಳುತ್ತದೆ. ಕೃಷ್ಣೆಯ ಕಾಲುವೆ ಬಂದ ಮೇಲೆ ಈ ಭಾಗದ ಬಣ್ಣವೇ ಬೇರೆ: ಕೊಯ್ದ ಭತ್ತದ ಕೂಳೆ, ಹಸಿರು ಮೆಣಸಿನಗಿಡ, ಟ್ರ್ಯಾಕ್ಟರಿನ ಗಾಲಿ ರಸ್ತೆಗೆ ತಂದು ಒಗೆದ ಕರಿಮಣ್ಣು. ಬಿಸಿಲು ಏರಿದೆ. ಪಾದ ಊದುವ ಹೊತ್ತು. ನಾನು ಕಾಯುತ್ತೇನೆ, ಉರಿ ಈಗ ಬರುತ್ತದೆ, ಈಗ ಬರುತ್ತದೆ ಎಂದು. ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಕಾಯುವುದನ್ನೇ ಮರೆಯುತ್ತೇನೆ. ತುಳಿತ ದುಂಡಗಾಗುತ್ತದೆ, ಒಂದು ಕಾಲು ಒತ್ತುವಾಗ ಇನ್ನೊಂದು ಹಿಂದಿನಿಂದ ಹಗುರಾಗಿ ಎತ್ತಿಕೊಳ್ಳುತ್ತದೆ. ಕಟ್ಟಿಹಾಕಿಸಿಕೊಂಡೂ ಕಾಲು ಆರಾಮಾಗಿದೆ. ಈ ಪೆಡಲ್ ಕಂಡುಹಿಡಿದವರು ಕೊಡಲು ಬಯಸಿದ್ದು ಇದನ್ನೇ ಇರಬೇಕು, ನನಗೆ ಮುಟ್ಟಿದ್ದು ಇವತ್ತು. ಬಾಗಲಕೋಟೆ, ವಿಜಯಪುರದ ಸೈಕ್ಲಿಂಗ್ ಹಾಸ್ಟೆಲಿನ ಮಕ್ಕಳ ನೆನಪಾಗುತ್ತದೆ. ಅವರೂ ಹೊಲದಲ್ಲಿ ಓಡಾಡಿದ ಕಾಲುಗಳೇ. ಅವರಿಗೆ ಬೂಟು ಕೊಡುವ ಕೈಗಳು ಮೊದಲು ಒಂದು ಹಾಳೆ ಹಾಸಿ, ಆ ಮಕ್ಕಳನ್ನು ನಿಲ್ಲಿಸಿ, ಪಾದದ ಸುತ್ತ ಗೆರೆ ಎಳೆಯಲಿ.

ಸುರಪುರದ ಗುಡ್ಡಗಳು. ಬಂಡೆಯ ಮೇಲೆ ಬಂಡೆ ಕೂತ ನಾಯಕರ ಊರು. ಕಡೆಯ ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಲ್ಲುತ್ತೇನೆ. ಮೈಯ ಪೂರಾ ಭಾರ ಮುಂಪಾದದ ಮೇಲೆ. ಹಳೆಯ ಬೂಟಿನಲ್ಲಿ ಹಿಮ್ಮಡಿ ಏಳುತ್ತಿದ್ದದ್ದು ಇಲ್ಲೇ. ಈಗ ಏಳುವುದಿಲ್ಲ.

ಅಪ್ಪ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಾನೆ. ಗೋಡೆಗೆ ಒರಗಿರುವುದು ಅವನ ಕರಿಯ ಅಟ್ಲಾಸ್. ಆ ಸೈಕಲ್ಲಿನ ರಬ್ಬರ್ ಪೆಡಲ್‌ಗಳು ನಡುವೆ ಬರಿಗಾಲಿನ ಆಕಾರಕ್ಕೇ ಸವೆದಿವೆ. ಹಿಂದಿನ ಕ್ಯಾರಿಯರಿಗೆ ಜೋಳದ ಚೀಲ ಕಟ್ಟಿ, ಬೆರಳುಗಳನ್ನು ಪೆಡಲಿನ ಅಂಚಿನಿಂದ ಹೊರಗೆ ಚಾಚಿ ತುಳಿಯುತ್ತಿದ್ದ ಆ ಪಾದ ನನಗೆ ನೆನಪಿದೆ. ಹಿಮ್ಮಡಿ ತಿರುಗಿಸಿ ಬಿಡಿಸಿಕೊಂಡು ಇಳಿಯುತ್ತೇನೆ.

"ಬಂದೇನೋ ತಮ್ಮಾ. ಕಾಲ ನೋಯ್ತದೇನು?"

"ಇಲ್ಲಪ್ಪಾ."

ಅವನಿಗೆ ನನ್ನ ಮಾತು ಸಾಲುವುದಿಲ್ಲ. ಬಾಗಿ, ಬೂಟಿನ ಮೇಲೆಯೇ ಹೆಬ್ಬೆಟ್ಟು ಒತ್ತಿ ನೋಡುತ್ತಾನೆ. ಶಾಲೆಗೆ ಮೊದಲ ಸಲ ಕ್ಯಾನ್ವಾಸ್ ಬೂಟು ಕೊಡಿಸಿದ ದಿನ ಇದೇ ಸುರಪುರದ ಬಜಾರದಲ್ಲಿ ಹೀಗೆಯೇ ಒತ್ತಿದ್ದ.

"ಕಿರಬಟ್ಟಿಗಿ ಜಾಗ ಅದಾ?"

ಬೂಟು ಕಳಚಿ, ಒಳಗಿನ ಮೆತ್ತೆಯನ್ನು ಎಳೆದು ಒಣಗಲು ಬಿಸಿಲಿಗೆ ಇಡುತ್ತೇನೆ. ಬೆವರಿಗೆ ಪಾದದ ಗುರುತು ಅದರ ಮೇಲೆ ಹಸಿಯಾಗಿ ಮೂಡಿದೆ. ಅಪ್ಪ ಅದನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಒಂದೊಂದಾಗಿ ಎಣಿಸುತ್ತಾನೆ. ಐದನೆಯದೂ ಇದೆ, ದುಂಡಗೆ, ಅಂಚಿನ ಒಳಗೆ.